ಕಸಿ ಕಟ್ಟಿದ ಕೈ

ತ್ಯಾವಣಿಗೆಯ ಮಹೇಶ್ವರಪ್ಪನವರ ಹಿತ್ತಲಿನ ಮಾವಿನ ಮರ ಗಾಳಿಗೆ ಬುಡಮೇಲಾಯಿತು. ಅಂಥ ಹಣ್ಣು ಸುತ್ತಮುತ್ತ ಇನ್ಯಾರ ಬಳಿಯೂ ಇರಲಿಲ್ಲ. ಕಸಿಗೆ ಬೇಕಾದ ಕಡ್ಡಿ ಒಣಗುವುದರೊಳಗೆ ಬಾ ಎಂದು ಅವರು ಫೋನ್ ಮಾಡಿದ್ದಕ್ಕೆ, ಜಗಳೂರಿನಿಂದ ಎರಡು ಬಸ್ ಬದಲಿಸಿ ಹೋದೆ. ನರ್ಸರಿಯಲ್ಲಿ ಹನ್ನೊಂದು ವರ್ಷ ಕಸಿ ಕಟ್ಟಿದವಳು ನಾನು, ವನಜಾಕ್ಷಿ. ಗಂಡ ಸತ್ತ ಮೇಲೆ ಕಲಿತ ಕೆಲಸ.

ಬಿದ್ದ ಮರದಲ್ಲಿ ಎಂಟೇ ಒಳ್ಳೆಯ ಕಡ್ಡಿ ಸಿಕ್ಕವು. ಹಿತ್ತಲಲ್ಲಿ ಓಟೆಯಿಂದ ಎದ್ದಿದ್ದ ಎಂಟು ಸಸಿಗಳ ತಲೆ ಕತ್ತರಿಸಿ, ಸೀಳಿ, ಕಡ್ಡಿ ಕೂರಿಸಿ, ನೀರು ಇಳಿಯದ ಹಾಗೆ ಪ್ಲಾಸ್ಟಿಕ್ ಪಟ್ಟಿ ಬಿಗಿದೆ. ಮೇಲೆ ಐಸ್‌ಕ್ಯಾಂಡಿ ಕವರ್ ತೊಡಿಸಿ ದಾರ ಕಟ್ಟಿದೆ.

"ಚಿಗುರು ಕಾಣೋವರ್ಗೂ ಇದನ್ನ ಬಿಚ್ಚಬ್ಯಾಡ್ರಿ ಯಜಮಾನ್ರೆ. ಒಂದ್ಸಲ ಇಣುಕಿ ನೋಡಿದ್ರೂ ಕೆಟ್ಟೋಗ್ತೈತೆ. ನೀರು ಬುಡಕ್ಕೆ ಮಾತ್ರ ಹಾಕ್ರಿ."

"ನಾನ್ಯಾಕೆ ಬಿಚ್ಚಲಿ? ನೀ ಹೇಳ್ದಂಗೆ ಆಗ್ಲಿ ತಂಗಿ," ಎಂದರು.

ಅವರ ಹೆಂಡತಿ ಸರ್ವಮಂಗಳಮ್ಮ ಬಾಗಿಲಲ್ಲಿ ನಿಂತು ನನ್ನ ಬೋಳು ಹಣೆ ನೋಡುತ್ತಿದ್ದರು. ನೋಡಲಿ ಬಿಡು, ನನಗೆ ರೂಢಿ.

ಇಪ್ಪತ್ತೆರಡನೆಯ ದಿನ ಮತ್ತೆ ಹೋದೆ. ಏಳು ಕಡ್ಡಿಗಳು ಕಪ್ಪಾಗಿ ಕೊಳೆತಿದ್ದವು. ಕವರುಗಳೇನೋ ಇದ್ದವು, ಆದರೆ ದಾರದ ಗಂಟು ನನ್ನದಲ್ಲ. ಒಳಗೆ ನೀರು, ವಿಭೂತಿಯ ರಾಡಿ. ತೊಟ್ಟಿಯ ಹಿಂದಿದ್ದ ಎಂಟನೆಯದು ಮಾತ್ರ ನಾನು ಕಟ್ಟಿದ ಹಾಗೇ ಇತ್ತು. ಅದರೊಳಗೆ ಕೆಂಪು ಚಿಗುರು.

"ಯಾರು ಬಿಚ್ಚಿದ್ದು?" ಎಂದೆ. ದನಿ ಏರಿತ್ತು.

"ನಾನೇ," ಎಂದರು ಸರ್ವಮಂಗಳಮ್ಮ, ಒಂದಿಷ್ಟೂ ಅಳುಕಿಲ್ಲದೆ. "ಗಂಡನ್ನ ಕಳ್ಕೊಂಡೋಳು ಮುಟ್ಟಿದ್ದು, ದೋಷ ಹೋಗ್ಲಿ ಅಂತ ಸೋಮವಾರ ಸೋಮವಾರ ತೀರ್ಥ ಹಾಕಿ ವಿಭೂತಿ ಹಚ್ಚಿದೆ. ಆದ್ರೂ ಏಳು ಹೋದ್ವು ನೋಡು. ಕೈಗುಣ ಅಂದ್ರೆ ಸುಮ್ನೆ ಅಲ್ಲ."

"ಇದನ್ನ ಬಿಚ್ಚಿಲ್ಲಲ್ರಿ ಅಮ್ಮಾರೆ?" ಎಂಟನೆಯದನ್ನು ತೋರಿಸಿದೆ.

"ಅದು ಕಣ್ಣಿಗೇ ಬೀಳ್ಲಿಲ್ಲ. ಮನೆದೇವ್ರೇ ಕಾದಾನೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲ ಅಗೆದವರೇ ನನಗೆ ಕುಣಿಯಲು ಬರುವುದಿಲ್ಲ ಎಂದರು. ಮಹೇಶ್ವರಪ್ಪನವರ ಮುಖ ನೋಡಿದೆ. ಅವರಿಗೆ ಎಲ್ಲ ಅರ್ಥವಾಗಿತ್ತು.

"ಹೋಗ್ಲಿ ಬಿಡು ತಂಗಿ," ಎಂದರು ನೆಲ ನೋಡುತ್ತಾ. "ಇದೊಂದನ್ನ ನೀ ಮುಟ್ಟಬ್ಯಾಡ, ಇದಾದ್ರೂ ಉಳೀಲಿ. ಮುಂದಿಂದು ನಾವು ನೋಡ್ಕೊಂತೀವಿ."

ಮುಂದಿನದೇನು ಎಂದು ಅವರಿಗೆಲ್ಲಿ ಗೊತ್ತು? ಕಾಂಡ ದಪ್ಪವಾಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ. ಎರಡು ತಿಂಗಳಿಗೆ ಅದನ್ನು ಬ್ಲೇಡಿನಿಂದ ಸೀಳಿ ತೆಗೆಯದಿದ್ದರೆ ಆ ಪಟ್ಟಿಯೇ ಗಿಡದ ಕತ್ತು ಹಿಸುಕುತ್ತದೆ. ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಚೀಲ ಹೆಗಲಿಗೇರಿಸಿ ಬಸ್ ಹತ್ತಿದೆ.

ಕಸಿ ಕಟ್ಟಿ ಇವತ್ತಿಗೆ ಐವತ್ತೆಂಟು ದಿನ. ಮಹೇಶ್ವರಪ್ಪನವರ ನಂಬರು ದಿನಾ ತೆಗೆದು ನೋಡುತ್ತೇನೆ. ಆ ಗಿಡ ನನಗೆ ಯಾವ ಅನ್ಯಾಯವನ್ನೂ ಮಾಡಿಲ್ಲ, ಗೊತ್ತು. ಆದರೂ ಇನ್ನೂ ಫೋನ್ ಮಾಡಿಲ್ಲ.