ಸ್ಕೇಲಜ್ಜ ಎಳೆದ ಗೆರೆ

ಆ ಸುತ್ತಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಸ್ಕೇಲಜ್ಜ ಅಂದರೆ ಸಾಕು, ಮನೆ ಬಾಗಿಲತನಕ ಕರೆದುಕೊಂಡು ಹೋಗಿ ಬಿಡುತ್ತಾರೆ. ಹುಟ್ಟಿದಾಗ ಇಟ್ಟ ಹೆಸರು ಅವನ ಹೆಂಡತಿಗೇ ನೆನಪಿದೆಯೋ ಇಲ್ಲವೋ. ನಲವತ್ತು ವರ್ಷ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತು, ಸ್ಕೇಲಿಟ್ಟು ಎಳೆದ ಹಾಗೆ ಉತ್ತವನು ಎಂಬ ಖ್ಯಾತಿ. ಈ ಖ್ಯಾತಿಯನ್ನು ಹಬ್ಬಿಸಿದವರು ಯಾರು ಅಂತೀರಾ, ಅರ್ಧ ಅಕ್ಕಪಕ್ಕದವರು, ಇನ್ನರ್ಧ ಅವನೇ.

ಇಂಥವನ ಹೊಲಕ್ಕೆ ಇನ್ನು ನೇಗಿಲೇ ಬೇಡ ಅಂದಳು ಮಗಳು. ಅಪ್ಪನ ಜೊತೆ ಹತ್ತು ವರ್ಷದಿಂದ ಮೆಕ್ಕೆಜೋಳ ಬೆಳೆಸುತ್ತಿರುವ ಹೆಣ್ಣು, ತಮಾಷೆಗೆ ಅಂದ ಮಾತಲ್ಲ. ಹೊಲ ಪೂರ್ತಿ ಮಗುಚಿ ಹಾಕಿದರೆ ಮಣ್ಣು ಗಾಳಿಗೆ ಅರ್ಧ, ನೀರಿಗೆ ಅರ್ಧ ಹೋಗುತ್ತಿದೆ, ಟ್ರ್ಯಾಕ್ಟರು ಲೆಕ್ಕವಿಲ್ಲದೆ ಡೀಸೆಲ್ ಕುಡಿಯುತ್ತಿದೆ ಎಂದು ಕಾಗದ ಹರಡಿಕೊಂಡು ತೋರಿಸಿದಳು. ಅದರ ಬದಲು ಪಟ್ಟಿ ಉಳುಮೆ ಮಾಡೋಣ, ಬೀಜ ಬೀಳುವ ಕಡೆ ಒಂದು ಗೇಣು ಅಗಲ ಸಡಿಲ ಮಾಡಿ, ಅದರಡಿಗೇ ಗೊಬ್ಬರ ಇಳಿಸಿ, ನಡುವಿನ ಜಾಗವನ್ನು ಹಳೇ ಕೂಳೆ ಸಮೇತ ಹಾಗೇ ಬಿಟ್ಟುಬಿಡೋಣ ಅಂದಳು. ಬಿತ್ತನೆ ಕಾಲಕ್ಕೆ ಬೀಜ ಆ ಪಟ್ಟಿಯ ಮೇಲೇ ಬೀಳಬೇಕು, ಅದೊಂದೇ ಷರತ್ತು.

ಇಷ್ಟಕ್ಕೆಲ್ಲ ಸ್ಕೇಲಜ್ಜ ತಲೆಯಾಡಿಸಿದ. ಮಣ್ಣು ಉಳಿದರೆ ಯಾರಿಗೆ ಬೇಡ? ಅವನ ಎದೆ ಧಸಕ್ಕೆಂದದ್ದು ಕೊನೆಯ ಕಾಗದ ನೋಡಿದಾಗ. ಪಟ್ಟಿ ಉಳುವ ಮೆಷಿನ್ನಿನ ಜೊತೆಗೆ ಒಂದು ಡಬ್ಬಿ. ಅದು ಉಪಗ್ರಹದ ಸಿಗ್ನಲ್ ಹಿಡಿದುಕೊಂಡು ಸ್ಟೀರಿಂಗನ್ನು ತಾನೇ ತಿರುಗಿಸುತ್ತದಂತೆ, ಗೆರೆ ಎರಡು ಬೆರಳೂ ಆಚೀಚೆ ಆಗುವುದಿಲ್ಲವಂತೆ. ಇದು ಬಂದರೆ ಯಾರು ಬೇಕಾದರೂ ಓಡಿಸಬಹುದು, ನೀನು ಆರಾಮಾಗಿ ರೆಸ್ಟ್ ತಗೋ ಅಪ್ಪ ಅಂದಳು ಮಗಳು. ಪ್ರೀತಿಯಿಂದಲೇ ಅಂದಳು ಪಾಪ. ಅವನಿಗೆ ಕೇಳಿಸಿದ್ದು ಮಾತ್ರ, ಸೀಟು ಬಿಟ್ಟು ಇಳಿ ಅಂತ. ಆ ಸೀಟಿನಿಂದ ಇಳಿದ ಮೇಲೆ ತಾನು ಯಾರು ಅನ್ನುವುದು ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಭಯವಾಯಿತು. ಭಯವನ್ನು ಸಿಟ್ಟು ಅಂತ ತೋರಿಸಿಕೊಂಡು ಎರಡು ದಿನ ಮುಖ ಊದಿಸಿಕೊಂಡು ತಿರುಗಿದ.

ಮೂರನೇ ದಿನ ಅಪ್ಪ ಮಗಳು ಮೆಷಿನ್ ಅಂಗಡಿಗೆ ಹೋದರು. ಶೆಡ್ಡಿನ ತುಂಬ ಹೊಸ ಬಣ್ಣದ, ಟೈರಿನ ವಾಸನೆ. ಮಗಳು ಟೇಪು ಹಿಡಿದು ಮೆಷಿನ್ನಿನ ಅಡಿ ನುಗ್ಗಿಯೇಬಿಟ್ಟಳು. ಮುಂದೆ ಕಸ ಸರಿಸುವ ಹಲ್ಲಿನ ಚಕ್ರ, ನಡುವೆ ಕತ್ತರಿಸುವ ತಟ್ಟೆ, ಹಿಂದೆ ನೆಲ ಸೀಳುವ ಕೊಕ್ಕೆ, ಗೊಬ್ಬರದ ಕೊಳವೆ, ಒಂದೊಂದನ್ನೂ ಮುಟ್ಟಿ ನೋಡಿದಳು. ಅಂಗಡಿಯವನು ಎಂಟು ಸಾಲಿನದನ್ನು ಒಳ್ಳೆಯ ರೇಟಿಗೆ ಕೊಡುತ್ತೇನೆ ಅಂತ ಆಸೆ ತೋರಿಸಿದ. ನಮ್ಮ ಬಿತ್ತುವ ಯಂತ್ರ ಆರು ಸಾಲಿನದು, ಇದೂ ಆರೇ ಇರಬೇಕು, ಇಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ ಅಂದಳು. ಸ್ಕೇಲಜ್ಜ ಸುಮ್ಮನೆ ಟೈರಿಗೆ ಒಂದೆರಡು ಸಲ ಒದ್ದ. ಗೊತ್ತಿಲ್ಲದ ಮೆಷಿನ್ನಿನ ಮುಂದೆ ಗಂಡಸರು ಮಾಡುವುದೇ ಅದು.

ಬೆಲೆಯ ಮಾತು ಬಂದಾಗ ಅವನಿಗೆ ಜೀವ ಬಂತು. ಒಟ್ಟು ಬೆಲೆಯಲ್ಲಿ ಡಬ್ಬಿಯದೇ ಮೂರರಲ್ಲಿ ಒಂದು ಪಾಲು. ಸರಿ, ತನ್ನ ದೊಡ್ಡ ನೇಗಿಲನ್ನು ಮಾರುತ್ತೇನೆ, ಆ ಹಣಕ್ಕೆ ಮಗಳ ಉಳಿತಾಯ ಸೇರಿಸಿದರೆ ಬಾಕಿಯಿಲ್ಲದೆ ಮೆಷಿನ್ ಮನೆಗೆ ಬರುತ್ತದೆ, ಆದರೆ ಡಬ್ಬಿ ಬೇಡ ಅಂದ. ಆ ನೇಗಿಲನ್ನು ಪ್ರತಿ ವರ್ಷ ಎಣ್ಣೆ ಹಚ್ಚಿ ಮಗುವಿನಂತೆ ಒರೆಸಿಡುತ್ತಿದ್ದವನು. ಗೆರೆ ಎಳೆಯಲು ನಾನಿಲ್ಲವಾ, ಆ ಡಬ್ಬಿ ನನಗಿಂತ ನೆಟ್ಟಗಾ ಅಂತ ಅಂಗಡಿಯವನ ಮುಂದೆಯೇ ಕೇಳಿದ. ಮಗಳು ಟೇಪು ಸುತ್ತಿ ಪಕ್ಕಕ್ಕಿಟ್ಟಳು.

"ಆಗಲಿ. ಬಿತ್ತೋಳು ನಾನು. ನನ್ನ ಬೀಜ ನಿನ್ನ ಪಟ್ಟಿ ತಪ್ಪಿ ಬಿದ್ರೆ ಡಬ್ಬಿ ಬರುತ್ತೆ, ನೀನು ಸೀಟು ಬಿಡ್ತೀಯ. ತಪ್ಪದಿದ್ರೆ ಸೀಟು ನಿಂದೇ, ಮತ್ತೆ ಆ ಮಾತೇ ಎತ್ತಲ್ಲ."

ಕಣ್ಣು ಮುಚ್ಚಿಕೊಂಡು ಬಿತ್ತಬಹುದು, ಹಾಗೆ ಎಳೆದುಕೊಡ್ತೀನಿ ಅಂತ ಸ್ಕೇಲಜ್ಜ ಕೈಮೇಲೆ ಕೈ ಹೊಡೆದ.

ಕೊಯ್ಲು ಮುಗಿದ ಮೇಲೆ ಒಂದು ವಾರ ಅವನದೇ ದರ್ಬಾರು. ಬೆಳಗಾಗುವುದೇ ತಡ, ಸೀಟು ಹತ್ತುತ್ತಿದ್ದ. ಹಿಂದೆ ಆರು ಪಟ್ಟಿ ಕಪ್ಪಗೆ ಏಳುತ್ತಿದ್ದವು. ಕ್ಷೌರದಂಗಡಿಯಲ್ಲಿ ಕರೆಂಟು ಹೋಗಿ ಅರ್ಧಕ್ಕೆ ಎದ್ದುಬಂದ ತಲೆ ಇದ್ದ ಹಾಗಿದೆ ಅಂದಳು ಹೆಂಡತಿ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊಲದ ಉದ್ದಕ್ಕೂ ರಸ್ತೆ ಇದೆ. ಹೊಸ ಮೆಷಿನ್ ನೋಡಲು ಅಲ್ಲಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿದವರಿಗೆಲ್ಲ ಕೈ ಎತ್ತಿ ದರ್ಶನ ಕೊಟ್ಟ.

ಬಿತ್ತನೆ ಬಂತು. ಮಗಳು ಬೀಜದ ಪೆಟ್ಟಿಗೆ ತುಂಬಿಕೊಂಡು ಹೊರಟಳು, ಸ್ಕೇಲಜ್ಜ ಬದುವಿನ ಮೇಲೆ ಕೈಕಟ್ಟಿ ನಿಂತ. ಸ್ವಲ್ಪ ದೂರ ಹೋದ ಟ್ರ್ಯಾಕ್ಟರು ಯಾಕೋ ಎಡಕ್ಕೆ ವಾಲಿತು, ಮತ್ತೆ ಬಲಕ್ಕೆ ಬಂತು. ನೆಟ್ಟಗೆ ಓಡಿಸೋಕೂ ಬರಲ್ಲ ಇವಳಿಗೆ ಅಂತ ಗೊಣಗಿದ. ಎರಡನೇ ಸುತ್ತಿಗೂ ಅದೇ ಜಾಗದಲ್ಲಿ ಅದೇ ವಾಲಾಟ. ಅವಳು ಈ ತುದಿಗೆ ಬಂದಾಗ ತಡೆದು ನಿಲ್ಲಿಸಿ, ಕುಡಿದಿದೀಯಾ ಅಂತ ಕೇಳಿದ. ಅವಳು ಬೆವರು ಒರೆಸಿಕೊಂಡು, ನಿನ್ನ ಪಟ್ಟಿ ಮೇಲೇ ಹೋಗ್ತಾ ಇದೀನಿ ಅಪ್ಪ, ಅಂದು ಮತ್ತೆ ಹೊರಟಳು. ಮೂರು ದಿನ ಕತ್ತು ಬಗ್ಗಿಸಿ, ಕೂಳೆಯ ನಡುವೆ ಮಸುಕಾಗಿದ್ದ ಪಟ್ಟಿಯನ್ನು ಹುಡುಕಿ ಹುಡುಕಿ ಬಿತ್ತಿದಳು. ನಾಲ್ಕನೇ ದಿನ ಕತ್ತು ಹಿಡಿದುಕೊಂಡು ತಲೆ ತಿರುಗಿಸಲಾಗದೆ ಮಲಗಿದಳು. ಹೆಂಡತಿ ಬಿಸಿನೀರಿನ ಚೀಲ ಇಡುತ್ತಾ ಗಂಡನ ಕಡೆ ಒಂದು ನೋಟ ಬಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಹದಿನೈದು ದಿನಕ್ಕೆ ಪೈರು ಎದ್ದಿತು. ಪಟ್ಟಿ ಬಿಟ್ಟು ಒಂದು ಗಿಡವೂ ಹೊರಗಿರಲಿಲ್ಲ. ಪಂದ್ಯ ಗೆದ್ದೆ ಅಂತ ಮೀಸೆ ತಿರುವಿಕೊಂಡು ಸ್ಕೇಲಜ್ಜ ರಸ್ತೆಗೆ ಹೋಗಿ ನಿಂತು ನೋಡಿದ. ನೋಡಿದವನು ಹಾಗೇ ನಿಂತ. ಈ ತುದಿಯಿಂದ ಹೊರಟ ಹಸಿರು ಸಾಲು ಸ್ವಲ್ಪ ದೂರ ನೆಟ್ಟಗೆ ಹೋಗಿ, ರಸ್ತೆಯ ಕಡೆಗೆ ಹೊಟ್ಟೆ ಬಿಟ್ಟುಕೊಂಡು, ಮತ್ತೆ ಒಳಕ್ಕೆ ಹೋಗಿತ್ತು. ಒಂದಲ್ಲ, ಅಷ್ಟೂ ಸಾಲು. ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂಥ ಹೊಟ್ಟೆ.

ಅವನ ಹಿಂದೆಯೇ ಬಂದಿದ್ದ ಹೆಂಡತಿ ಹೊಟ್ಟೆಯನ್ನೂ ಗಂಡನನ್ನೂ ಒಂದು ಸಲ ನೋಡಿದಳು.

"ಅದು ನೀವು ರಸ್ತೆಯೋರಿಗೆ ಕೈ ಎತ್ತೋ ಜಾಗ ಅಲ್ವಾ?"

ಹೌದು. ಅಲ್ಲೇ. ಬಲಗೈ ಎತ್ತಿ, ತಲೆ ತಿರುಗಿಸಿ, ನನ್ನ ಗೆರೆ ನೋಡಿದ್ರಾ ಅನ್ನುವ ಹಾಗೆ ನಗುವ ಜಾಗ. ಹಾಗಾದರೆ ನಲವತ್ತು ವರ್ಷದ್ದು? ಮೊದಲ ದಿನದಿಂದಲೂ ಹೀಗೇ ಇತ್ತೋ ಏನೋ, ಯಾರಿಗೆ ಗೊತ್ತು. ನೇಗಿಲು ಮುಂದಿನ ಸುತ್ತಿಗೇ ಹಿಂದಿನದನ್ನು ಮುಚ್ಚಿಬಿಡುತ್ತಿತ್ತು, ಮೇಲೆ ಹೆಂಟೆ ಒಡೆಯುವ ಹಲುಬೆ ಎಳೆದರೆ ಸಾಕ್ಷಿಯೇ ಇಲ್ಲ. ಈ ದರಿದ್ರ ಪಟ್ಟಿ ಮಾತ್ರ ಎಲ್ಲವನ್ನೂ ಉಳಿಸಿಕೊಂಡು, ಅದರ ಮೇಲೆ ಪೈರು ಬೇರೆ ಬೆಳೆಸಿ ತೋರಿಸುತ್ತಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಮಗಳು ನೆಟ್ಟಗೆ ಓಡಿಸಿದ್ದರೆ ಪಟ್ಟಿ ತಪ್ಪುತ್ತಿತ್ತು, ಅವಳು ಪಂದ್ಯ ಗೆಲ್ಲುತ್ತಿದ್ದಳು, ಡಬ್ಬಿ ಬರುತ್ತಿತ್ತು. ಮೊದಲ ಸುತ್ತಿನಲ್ಲೇ ಅವಳಿಗೆ ಇದು ಹೊಳೆದಿರಬೇಕು. ಆದರೂ ಕತ್ತು ಮುರಿದುಕೊಂಡು ಅವನ ಡೊಂಕಿನ ಮೇಲೇ ಹೋಗಿ, ಅವನ ಸೀಟನ್ನು ಅವನಿಗೇ ಉಳಿಸಿಕೊಟ್ಟಿದ್ದಳು. ಗೆದ್ದವನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಮಗಳು ಮಾತ್ರ ಕೊಟ್ಟ ಮಾತಿನಂತೆ ಡಬ್ಬಿಯ ಸುದ್ದಿಯನ್ನೇ ಎತ್ತಲಿಲ್ಲ, ಡೊಂಕಿನ ಸುದ್ದಿಯನ್ನೂ ಎತ್ತಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಫಸಲು ಚೆನ್ನಾಗಿಯೇ ಬಂತು. ಸಾಲು ಡೊಂಕು ಅಂತ ಕೊಳ್ಳುವವನು ತೆನೆಯ ರೇಟು ಇಳಿಸಲಿಲ್ಲ. ಹಣ ಕೈಗೆ ಬಂದ ಮರುದಿನ ಸ್ಕೇಲಜ್ಜ ಯಾರಿಗೂ ಹೇಳದೆ ಅಂಗಡಿಗೆ ಹೋಗಿ ಡಬ್ಬಿ ಕೊಡಿ ಅಂದ. ಹೇಳಿದ ಬೆಲೆ ತೆತ್ತ, ಒಂದು ಪೈಸೆ ಚೌಕಾಸಿಲ್ಲ. ಅಂಗಡಿಯವನಿಗೆ ಅನುಮಾನ ಬಂದು, ಮೈ ಹುಷಾರಿದೆ ತಾನೇ ಅಂತ ವಿಚಾರಿಸಿದನಂತೆ.

ಡಬ್ಬಿ ಕೂರಿಸಲು ಅಂಗಡಿಯವನೇ ಹೊಲಕ್ಕೆ ಬಂದ. ಹೊಸದಾಗಿ ನೇರ ಗೆರೆ ಹಾಕಿಕೊಡಲೋ, ಹಳೇ ಪಟ್ಟಿ ಮೇಲೇ ಹೋಗಲೋ ಅಂತ ಕೇಳಿದ. ಮಗಳು ಅಪ್ಪನ ಕಡೆ ನೋಡದೆ, ಹಳೇ ಪಟ್ಟಿಯಲ್ಲಿ ಗೊಬ್ಬರ ಉಳಿದಿದೆ, ಮಣ್ಣು ಸಡಿಲ ಇದೆ, ಅದರ ಮೇಲೇ ಹೋಗಲಿ ಅಂದಳು. ಹಾಗಾದರೆ ಯಾರಾದರೂ ಒಂದು ಸಲ ಹಳೇ ಸಾಲಿನ ಮೇಲೆ ಓಡಿಸಿ ತೋರಿಸಬೇಕು, ಡಬ್ಬಿ ಕಲಿತುಕೊಳ್ಳುತ್ತೆ ಅಂದ ಅಂಗಡಿಯವನು. ಹತ್ತಬೇಕಾದವನು ಯಾರು ಅಂತ ಹೇಳಬೇಕಾಗಿರಲಿಲ್ಲ. ಸ್ಕೇಲಜ್ಜ ಜೀವಮಾನದಲ್ಲಿ ಮೊದಲ ಸಲ ಯಾರಿಗೂ ಕೈ ಎತ್ತದೆ, ತನ್ನದೇ ಡೊಂಕಿನ ಮೇಲೆ ಒಂದು ಬೆರಳೂ ತಪ್ಪದೆ ಓಡಿಸಿ, ಆ ಡಬ್ಬಿಗೆ ಪಾಠ ಹೇಳಿಕೊಟ್ಟ.

ಇನ್ನು ಅದೇ ನೋಡಿಕೊಳ್ಳುತ್ತೆ ಅಂದಾಗ ಇಳಿಯಲು ಹೊರಟ. ಹೇಗೂ ಒಂದು ದಿನ ಇಳಿಯಲೇಬೇಕಿತ್ತು ಅಂತ ತನಗೆ ತಾನೇ ಹೇಳಿಕೊಂಡ. ಅಂಗಡಿಯವನು ಅಡ್ಡ ಬಂದ. ಸೀಟಿನಡಿ ಒಂದು ಸ್ವಿಚ್ಚಿದೆ, ಮೇಲೆ ಯಾರೂ ಇಲ್ಲದಿದ್ದರೆ ಎಲ್ಲ ನಿಂತುಹೋಗುತ್ತೆ, ಯಾರಾದರೂ ಕೂತಿರಲೇಬೇಕು ಅಂದ.

"ಕೂತು ಏನು ಮಾಡ್ಬೇಕು?"

"ಏನೂ ಇಲ್ಲ ಯಜಮಾನ್ರೇ. ಭಾರ ಬೇಕು ಅಷ್ಟೆ."

ಮಗಳು ಎಲ್ಲಿ ನಗುತ್ತಾಳೋ ಅಂತ ತಿರುಗಿ ನೋಡಿದ. ಅವಳು ನಗುತ್ತಿರಲಿಲ್ಲ. "ನೀನೇ ಕೂತ್ಕೋ ಅಪ್ಪ" ಅಂದಳು. ಅವನು ಕೂತ. ಸ್ಟೀರಿಂಗು ತಾನೇ ಆಡಿತು, ಹಿಂದೆ ಆರು ಪಟ್ಟಿ ಕಪ್ಪಗೆ ಎದ್ದವು. ಮಾಡಲು ಕೆಲಸವಿಲ್ಲದ ಎರಡು ಕೈಗಳನ್ನು ಏನು ಮಾಡುವುದೋ ತೋಚದೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡ.

ಮಧ್ಯಾಹ್ನ ಊಟಕ್ಕೆ ಕರೆಯಲು ಹೆಂಡತಿ ಬದುವಿಗೆ ಬಂದು ನಿಂತಳು. ಅನ್ನ ಆರುತ್ತಿದೆ ಅಂತ ಎರಡು ಸಲ ಕೂಗಿದಳು. ಅವನು ಇಳಿಯಲಿಲ್ಲ. ನಾನಿಳಿದರೆ ನಿಂತುಹೋಗುತ್ತೆ ಅಂದ.