ಹಸಿರು ಚುಕ್ಕೆ

ಅಭಿನಂದನೆಗಳು ಎಂದು ಒತ್ತಿದ ಮೇಲೆ, ತಾನು ಅಭಿನಂದಿಸಿದ್ದು ಯಾರನ್ನು ಎಂಬ ಸಂದೇಹ ಗ್ಯಾರತ್‌ಗೆ ಬಂತು. ಹಿಂದಕ್ಕೆ ಹೋಗಿ ನೋಡಿದ. ಪರ್ತ್‌ನ ಯಾವನೋ ಬೋಳುತಲೆಯವನು, ಕೊಳವೆ ಮಾರುವ ಕಂಪನಿಯಲ್ಲಿ ಆರು ವರ್ಷ ಪೂರೈಸಿದ್ದ. ಮುಖ ನೋಡಿದ ನೆನಪಿಲ್ಲ. ಇರಲಿ, ಅವನಿಗೂ ಇವನ ನೆನಪು ಇರಲಾರದು.

ಬೆಳಗಿನ ಏಳೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು, ಪಕ್ಕದಲ್ಲಿ ಆರಿಹೋದ ಟೋಸ್ಟು. ಪರದೆಯ ಮೂಲೆಯಲ್ಲಿ ಅವನ ಹೆಸರು, ಹೆಸರಿನ ಕೆಳಗೆ ನಾನೂರ ತೊಂಬತ್ತೊಂಬತ್ತು ಸಂಪರ್ಕಗಳು. ಇನ್ನೊಂದು ಸಿಕ್ಕರೆ ಉದ್ಯೋಗಸ್ಥರನ್ನು ಬೆಸೆಯುವ ಆ ಜಾಲತಾಣ ಎಣಿಸುವುದನ್ನೇ ಬಿಟ್ಟುಬಿಡುತ್ತದೆ. ಐನೂರಕ್ಕೂ ಹೆಚ್ಚು ಎಂದಷ್ಟೇ ಬರೆದು ಸುಮ್ಮನಾಗುತ್ತದೆ.

"ಐನೂರು ಆಗೋ ತನಕ ನಿನ್ನನ್ನ ಯಾರೂ ತಿರುಗಿ ನೋಡಲ್ಲ ಗ್ಯಾರತ್" ಎಂದು ಉದ್ಯೋಗ ಕಚೇರಿಯ ಶೆಲ್ಬಿ ಹೇಳಿದ್ದಳು. ಅವಳಿಗೆ ಇಪ್ಪತ್ತಾರು, ಇವನಿಗೆ ಐವತ್ತೊಂದು. "ದಿನಕ್ಕೆ ಹತ್ತು ಜನರಿಗೆ ಅಭಿನಂದನೆ ಹೇಳು. ಒಬ್ಬರನ್ನಾದ್ರೂ ಕಾಫಿಗೆ ಕರಿ. ಕೆಲಸ ಸಿಗೋದು ಅರ್ಜಿ ಹಾಕಿದವರಿಗಲ್ಲ, ಕಾಫಿ ಕುಡಿದವರಿಗೆ."

ಇಪ್ಪತ್ತೆರಡು ವರ್ಷ ಅಡಿಲೇಡ್ ನಗರದ ಕುಡಿಯುವ ನೀರನ್ನು ಪರೀಕ್ಷೆ ಮಾಡಿದವನು ಅವನು. ಎಂಟು ತಿಂಗಳ ಹಿಂದೆ ಪ್ರಯೋಗಾಲಯವನ್ನು ಮೆಲ್ಬರ್ನ್‌ಗೆ ಸೇರಿಸಿದರು. ಉಪಕರಣಗಳನ್ನು ಜೋಪಾನವಾಗಿ ಕಟ್ಟಿ ಕಳಿಸಿದರು, ಜನರನ್ನು ಇಲ್ಲೇ ಬಿಟ್ಟರು. ಈಗ ಮರ್ರೆ ಬ್ರಿಡ್ಜ್‌ನ ನೀರಿನ ಘಟಕದಲ್ಲಿ ಒಂದು ಜಾಗ ಖಾಲಿ ಇತ್ತು. ಅವನಿಗೆಂದೇ ಹೊಲಿಸಿದ ಅಂಗಿಯಂಥ ಕೆಲಸ. ಅರ್ಜಿಗೆ ಇವತ್ತು ಸಂಜೆ ಐದೇ ಕೊನೆ. ಕೊನೆಯ ಕಲಂ ಮಾತ್ರ ತುಂಬಿರಲಿಲ್ಲ: ಹಿಂದಿನ ಮುಖ್ಯಸ್ಥರ ಶಿಫಾರಸು.

ಅಲ್ಲಿ ಆರಿಸುವವನು ಡಾರಿಲ್ ಶುಲ್ಟ್ಸ್ ಎಂಬಾತ. ನಿನಗೂ ಡಾರಿಲ್‌ಗೂ ನಡುವೆ ಒಬ್ಬರೇ ಇದ್ದಾರೆ ಎಂದು ತಾಣ ತಾನಾಗಿ ತೋರಿಸಿತ್ತು. ಲಿಂಡ್ಸೆ ಟ್ರೆಂಬಾತ್. ಗ್ಯಾರತ್, ಡಾರಿಲ್ ಇಬ್ಬರೂ ಬೇರೆ ಬೇರೆ ಕಾಲದಲ್ಲಿ ಅವರ ಕೈಕೆಳಗೇ ಕೆಲಸ ಕಲಿತವರು. "ಅಳೆಯದ್ದನ್ನ ಬರೀಬೇಡ" ಎಂಬುದು ಅವರು ಕಲಿಸಿದ ಮೊದಲ ಪಾಠ, ಪ್ರಾಯಶಃ ಕೊನೆಯದೂ. ನಿವೃತ್ತರಾಗಿ ಒಂಬತ್ತು ವರ್ಷ. ಬೀಳ್ಕೊಡುವ ದಿನ "ಬರ್ತಾ ಇರ್ತೀನಿ" ಎಂದು ಕೈಕುಲುಕಿದ್ದ ಗ್ಯಾರತ್ ಒಂದು ಸಲವೂ ಹೋಗಿರಲಿಲ್ಲ. ಗರಜು ಬಿದ್ದಾಗ ಗುರು ನೆನಪಾದರು ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಬರೆದ. ವಾಕ್ಯ ಶೆಲ್ಬಿಯದೇ: ಹಳೆಯ ದಿನಗಳನ್ನು ನೆನೆಯುತ್ತ ಒಂದು ಕಾಫಿ ಕುಡಿಯೋಣವೇ?

ಲಿಂಡ್ಸೆ ಹೆಸರಿನ ಪಕ್ಕ ಹಸಿರು ಚುಕ್ಕೆ ಉರಿಯುತ್ತಿತ್ತು. ಅಂದರೆ ಪರದೆಯ ಎದುರಿಗೇ ಕೂತಿದ್ದಾರೆ. ನಾಲ್ಕು ನಿಮಿಷಕ್ಕೆ ಉತ್ತರ ಬಂತು.

"ಇವತ್ತೇ ಬಾ." ಕೆಳಗೆ ಕಡಲತಡಿಯ ವಿಕ್ಟರ್ ಹಾರ್ಬರ್‌ನ ಒಂದು ವಿಳಾಸ.

ಅವರು ಯಾವತ್ತೂ ಹಾಗೇ. ಎರಡು ಪದದಲ್ಲಿ ಮುಗಿಯುವುದಕ್ಕೆ ಮೂರು ಬಳಸುವವರಲ್ಲ.

"ಕಾರು ನಂಗೆ ಬೇಕಿತ್ತು" ಎಂದ ಹೆಂಡತಿಗೆ.

ಜನೀನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. "ಎಲ್ಲಿಗೆ?"

"ಒಬ್ಬರನ್ನ ನೋಡ್ಬೇಕು."

"ಕೆಲಸದ ವಿಷಯಾನಾ?"

"ಹಾಗಂತಾನೇ ಇಟ್ಕೋ."

ಕೀಲಿಯನ್ನು ಟೋಸ್ಟಿನ ತಟ್ಟೆಯ ಪಕ್ಕ ಇಟ್ಟು ಅವಳು ರೈಲಿಗೆ ಹೊರಟಳು. ಏನೂ ಅನ್ನದಿರುವುದನ್ನು ಈ ಎಂಟು ತಿಂಗಳಲ್ಲಿ ಅವಳು ಚೆನ್ನಾಗಿ ಕಲಿತಿದ್ದಳು.

ಶಿಫಾರಸು ಕೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ. ಬರಿಗೈಯಲ್ಲಿ ಹೋಗಬಾರದೆಂದು ಬೇಕರಿಯಲ್ಲಿ ನಿಲ್ಲಿಸಿ ಅರ್ಧ ಡಜನ್ ಲ್ಯಾಮಿಂಗ್ಟನ್ ಕಟ್ಟಿಸಿಕೊಂಡ. ಚಾಕಲೇಟು, ಕೊಬ್ಬರಿ ಮೆತ್ತಿದ ಆ ಕೇಕೆಂದರೆ ಲಿಂಡ್ಸೆಗೆ ಪ್ರಾಣ.

ಬಾಗಿಲು ತೆಗೆದದ್ದು ಡಲ್ಸಿ, ಅವರ ಹೆಂಡತಿ. ಬೀಳ್ಕೊಡುಗೆಯ ದಿನ ನೋಡಿದ್ದ. ಈಗ ಇನ್ನಷ್ಟು ಕುಗ್ಗಿದ್ದಳು.

"ಗ್ಯಾರತ್ ಅಲ್ವಾ? ಬಾ ಬಾ, ಗಾಳಿ ಒಳಗೆ ಬರುತ್ತೆ. ಫೋಟೋದಲ್ಲಿ ಇಷ್ಟು ಸೊರಗಿಲ್ಲ ನೀನು."

"ಲಿಂಡ್ಸೆ ಇದಾರಾ?"

"ಇಲ್ಲ."

"ಎಷ್ಟು ಹೊತ್ತಿಗೆ ಬರ್ತಾರೆ?"

ಡಲ್ಸಿ ಅವನ ಕೈಯಿಂದ ಪೊಟ್ಟಣ ತೆಗೆದುಕೊಂಡಳು. ಬಿಚ್ಚಿ ನೋಡಿದಳು. "ಅಯ್ಯೋ, ಇದನ್ನೇ ತಂದ್ಯಾ?" ಎಂದಳು. ಆಮೇಲೆ, "ಅವರು ಹೋಗಿ ಮುಂದಿನ ತಿಂಗಳಿಗೆ ಎರಡು ವರ್ಷ ಆಗುತ್ತೆ ಕಣಪ್ಪಾ. ಕೂತ್ಕೋ" ಎಂದಳು.

ಅವನು ಕೂತ. ದುಃಖವಾಗಬೇಕಿತ್ತು. ಮೊದಲು ಬಂದದ್ದು ಐದು ಗಂಟೆಯ ಯೋಚನೆ. ದುಃಖ ಅದರ ಹಿಂದೆ ಸರದಿಯಲ್ಲಿ ನಿಂತಿತ್ತು, ಮತ್ತು ತನ್ನ ಬಗ್ಗೆ ಅವನಿಗೆ ನಿಜವಾಗಿ ಹೇಸಿಗೆಯಾಯಿತು.

"ನಂಗೆ ಗೊತ್ತಿರಲಿಲ್ಲ" ಎಂದ.

"ಗೊತ್ತಿರಲಿಲ್ಲ ಅಂತ ನಂಗೊತ್ತು. ಹೋದ ವರ್ಷ ಬರೆದಿದ್ಯಲ್ಲ." ಮೇಜಿನ ಮೇಲಿನ ಹಳೆಯ ಕಂಪ್ಯೂಟರನ್ನು ತಿರುಗಿಸಿ ತೋರಿಸಿದಳು. ನಿವೃತ್ತರೆಲ್ಲ ಮಾಡುವಂತೆ ಲಿಂಡ್ಸೆಯೂ ಅಲ್ಲಿ ಸಲಹೆಗಾರ ಎಂದು ಹಾಕಿಕೊಂಡಿದ್ದರು; ಆ ಹುದ್ದೆಗೆ ವರ್ಷವರ್ಷವೂ ಒಂದು ವರ್ಷ ತುಂಬುತ್ತಲೇ ಇತ್ತು. ಎಂಟು ವರ್ಷ ಪೂರೈಸಿದ್ದಕ್ಕೆ ಅಭಿನಂದನೆಗಳು, ಹೀಗೇ ಮುಂದುವರಿಯಲಿ ಎಂದು ಗ್ಯಾರತ್ ಪಾಸ್ಕೋ ಬರೆದಿದ್ದ. ಆಗ ಅವರು ಹೋಗಿ ಒಂದು ವರ್ಷವಾಗಿತ್ತು. ಕೆಳಗೆ ಉತ್ತರವೂ ಇತ್ತು: ಥ್ಯಾಂಕ್ಸ್ ಗ್ಯಾರತ್.

"ಇದನ್ನ ಮುಚ್ಚಿಬಿಡಬಹುದಿತ್ತಲ್ಲಾ" ಎಂದ ಮೆಲ್ಲಗೆ.

"ಯಾಕೆ ಮುಚ್ಚಲಿ? ಅವರಿಗೆ ದಿನಾ ನಾಲ್ಕು ಜನ ಬರೀತಾರೆ. ನಂಗೆ ಯಾರು ಬರೀತಾರೆ?" ಟೀಪಾಟಿಗೆ ಬಿಸಿನೀರು ಸುರಿದಳು. "ಬರೆಯೋರು ಬಹಳ. ಬಂದೋರಲ್ಲಿ ನೀನು ಮೂರನೆಯವನು. ಶಿಫಾರಸು ಬೇಕಿತ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಮುಂಚೆ ಬಂದ ಇಬ್ಬರಿಗೂ ಅದೇ ಬೇಕಿತ್ತು. ಬರೆದುಕೊಟ್ಟೆ. ಒಬ್ಬನಿಗೆ ಕೆಲಸಾನೂ ಸಿಕ್ತು, ಕಾರ್ಡ್ ಕಳಿಸಿದ್ದ. ಲಿಂಡ್ಸೆ ಹೆಸರಿಗೆ."

"ಅದು ಸರಿಯಲ್ಲ ಡಲ್ಸಿ."

"ಸರಿಯಲ್ಲ" ಎಂದು ಅವಳೂ ಒಪ್ಪಿದಳು. "ಹಾಲು ಹಾಕ್ಲಾ?"

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ಐದಕ್ಕೆ ಬೇಕಾದಷ್ಟು ಹೊತ್ತಿದೆ ಎಂದು ಮನಸ್ಸು ಆಗಲೇ ಲೆಕ್ಕ ಹಾಕಿ ಮುಗಿಸಿತ್ತು.

"ಅವರು ನನ್ನ ವಿಷಯ ಯಾವಾಗಾದ್ರೂ ಮಾತಾಡಿದ್ರಾ?"

ಡಲ್ಸಿ ಚಹಾ ಕಲಕಿದಳು. "ಮಾತಾಡ್ತಿದ್ರು. ಎಲ್ಲರ ವಿಷಯಾನೂ ಮಾತಾಡ್ತಿದ್ರು." ಚಮಚ ಕೆಳಗಿಟ್ಟು, "ನೀನು ಯಾವ ವಿಭಾಗ?" ಎಂದಳು.

ಆಮೇಲೆ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ನೆಟ್ಟಗೆ ಕೂತಳು. "ಹೇಳು. ನಿಧಾನ ಹೇಳು, ನಂದು ಒಂದೇ ಬೆರಳು."

ಏಳಬೇಕು ಅಂದುಕೊಂಡ. ಏಳಲಿಲ್ಲ. ಸಮುದ್ರದ ಕಡೆಯ ಕಿಟಕಿ ನೋಡುತ್ತ ಹೇಳತೊಡಗಿದ. "ಗ್ಯಾರತ್ ಪಾಸ್ಕೋ ಹದಿಮೂರು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದ್ದಾನೆ." ಅದು ನಿಜ. "ನನ್ನ ಜೊತೆಗಾರರಲ್ಲಿ ಅವನಷ್ಟು ನಂಬಿಕಸ್ಥ ಇನ್ನೊಬ್ಬನಿಲ್ಲ." ಅದು ಯಾರಿಗೆ ಗೊತ್ತು. ಬೆರಳು ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಿತ್ತು. "ಅಳೆಯದ್ದನ್ನು ಅವನು ಎಂದೂ ಬರೆದವನಲ್ಲ."

ಬೆರಳು ನಿಂತಿತು. "ಇದು ಚೆನ್ನಾಗಿದೆ. ಅವರು ಮಾತಾಡಿದ ಹಾಗೇ ಇದೆ."

"ಅವರದೇ ಮಾತು."

"ಹಾಗಾದ್ರೆ ಸುಳ್ಳೇನೂ ಬರೀತಿಲ್ಲ ಬಿಡು" ಎಂದು ಡಲ್ಸಿ ಕಳಿಸುವ ಗುಂಡಿ ಒತ್ತಿದಳು.

ಹೊರಡುವಾಗ ಬಾಗಿಲವರೆಗೆ ಬಂದಳು. "ಬರ್ತಾ ಇರು" ಎಂದಳು.

"ಬರ್ತಾ ಇರ್ತೀನಿ" ಎಂದ ಗ್ಯಾರತ್. ಇಬ್ಬರೂ ನೆಲ ನೋಡಿದರು.

ಸಮುದ್ರದ ದಂಡೆಯಲ್ಲಿ ಕಾರು ನಿಲ್ಲಿಸಿ ಫೋನಿನಲ್ಲೇ ಶಿಫಾರಸನ್ನು ಸೇರಿಸಿ ಅರ್ಜಿ ಕಳಿಸಿದ. ಡಾರಿಲ್ ಶುಲ್ಟ್ಸ್‌ಗೆ ಸಂಪರ್ಕದ ಕೋರಿಕೆಯನ್ನೂ ಕಳಿಸಿದ. ಕಾಲು ಗಂಟೆಯೊಳಗೆ ಅವನು ಒಪ್ಪಿಕೊಂಡ. ಗ್ಯಾರತ್ ಹೆಸರಿನ ಕೆಳಗಿನ ಸಂಖ್ಯೆ ಮಾಯವಾಗಿ ಐನೂರಕ್ಕೂ ಹೆಚ್ಚು ಎಂದಾಯಿತು. ಹಿಂದೆಯೇ ಡಾರಿಲ್‌ನ ಮಾತು ಬಂತು.

"ಲಿಂಡ್ಸೆ ಹೇಳಿದ ಮೇಲೆ ಮುಗೀತು ಗುರು. ಸೋಮವಾರ ಬಾ, ಮಾತಾಡೋಣ. ಮುದುಕ ಹೇಗಿದಾನೆ? ನಾಳೆ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತೀನಿ. ನಂಬರ್ ಇದ್ರೆ ಕಳಿಸು."

ಗ್ಯಾರತ್ 'ಚೆನ್ನಾಗಿದ್ದಾರೆ' ಎಂದು ಬರೆದ. ಅಳಿಸಿದ. ಮತ್ತೆ ಬರೆದ. ಕಳಿಸಿಯೂಬಿಟ್ಟ. ನಂಬರಿನ ಮಾತೆತ್ತಲಿಲ್ಲ.

ಗಾಳಿಗೆ ಕಾರು ಸಣ್ಣಗೆ ಅಲುಗುತ್ತಿತ್ತು. ತನ್ನ ಐನೂರು ಚಿಲ್ಲರೆ ಜನರ ಪಟ್ಟಿಯನ್ನು ಹೆಬ್ಬೆರಳಿನಿಂದ ತಳ್ಳುತ್ತ ಹೋದ. ಕೆಲವು ಹೆಸರಿನ ಪಕ್ಕ ಚುಕ್ಕೆ ಇತ್ತು, ಕೆಲವಕ್ಕೆ ಇರಲಿಲ್ಲ. ಲಿಂಡ್ಸೆಯದು ಉರಿಯುತ್ತಿತ್ತು. ತನ್ನದನ್ನು ನೋಡೋಣವೆಂದರೆ ಆ ತಾಣದಲ್ಲಿ ತನ್ನ ಚುಕ್ಕೆ ತನಗೆ ಕಾಣುವುದಿಲ್ಲ. ಬೇರೆಯವರಿಗೆ ಮಾತ್ರ ಕಾಣುತ್ತದೆ.

ಜನೀನ್‌ಗೆ ಫೋನ್ ಮಾಡಿದ.

"ಏನಾಯ್ತು?"

"ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಇದೆಯಾ, ಸ್ವಲ್ಪ ನೋಡ್ತೀಯಾ?"

"ನಾನು ಅದರಲ್ಲಿಲ್ಲವಲ್ಲ ಗ್ಯಾರತ್. ಕೆಲಸ ಏನಾಯ್ತು?"

"ಸೋಮವಾರ ಕರೆದಿದಾರೆ."

"ನಿಜವಾಗ್ಲೂ?" ಎಂಟು ತಿಂಗಳು ತಡೆದಿಟ್ಟದ್ದೆಲ್ಲ ಒಟ್ಟಿಗೇ ಬರುವಂತಿತ್ತು. "ಯಾರ ಪುಣ್ಯ ಇದು?"

"ಆಮೇಲೆ ಹೇಳ್ತೀನಿ" ಎಂದು ಫೋನ್ ಇಟ್ಟ.

ಇನ್ನು ಯಾರನ್ನು ಕೇಳುವುದು? ಪರ್ತ್‌ನ ಬೋಳುತಲೆಯವನನ್ನೇ? ಪಟ್ಟಿಯನ್ನು ಕೆಳಗಿನವರೆಗೂ ತಳ್ಳಿ ನೋಡಿದ. ಇಂಥದೊಂದು ಮಾತು ಕೇಳಬಹುದಾದ ಹೆಸರು ಅದರಲ್ಲಿ ಒಂದೇ ಇತ್ತು. ಅದನ್ನು ತೆರೆದು ಬರೆದ: ನಾನು ಕಾಣಿಸುತ್ತಿದ್ದೇನೆಯೇ?

ಸ್ವಲ್ಪ ಹೊತ್ತಿಗೆ, ಲಿಂಡ್ಸೆ ಟ್ರೆಂಬಾತ್ ಬರೆಯುತ್ತಿದ್ದಾರೆ ಎಂದು ಪರದೆ ಹೇಳಿತು. ಹೆಸರಿನ ಕೆಳಗೆ ಮೂರು ಸಣ್ಣ ಚುಕ್ಕೆಗಳು ಒಂದರ ಹಿಂದೆ ಒಂದು ಎದ್ದವು, ಬಿದ್ದವು, ಮತ್ತೆ ಎದ್ದವು. ಅವಳದು ಒಂದೇ ಬೆರಳು, ಹೊತ್ತಾಗುತ್ತದೆ. ಗಾಜು ಅವನ ಉಸಿರಿಗೆ ಮಸುಕಾಗುತ್ತಿತ್ತು. ಗ್ಯಾರತ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತ ಕೂತ. ಚುಕ್ಕೆಗಳು ಏಳುತ್ತಿದ್ದವು, ಬೀಳುತ್ತಿದ್ದವು.