ಕೆಂಪು ತಂಡದ ನಡೆ

ಎದುರಾಳಿಯನ್ನು ಕೆಡವುವ ದಾರಿ ಅಗ್ನಿಯಾಗೆ ಮೊದಲ ದಿನವೇ ಹೊಳೆದಿತ್ತು. ಹೊಳೆದದ್ದೇ ತಪ್ಪಾಯಿತು. ಅಂದಿನಿಂದ ಅವಳ ಮನಸ್ಸು ಒಂದು ಕಡೆ ನಿಂತಿರಲಿಲ್ಲ.

ಎಸ್ತೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಭದ್ರತೆಯ ಸ್ನಾತಕೋತ್ತರ ತರಗತಿಯವರಿಗೆ ಪ್ರತಿ ಫೆಬ್ರವರಿಯಲ್ಲಿ ಒಂದು ಯುದ್ಧದಾಟವಿರುತ್ತದೆ. ನೀಲಿ ತಂಡ ಎಸ್ತೋನಿಯಾವನ್ನು ಕಾಯಬೇಕು. ಕೆಂಪು ತಂಡ ಪೂರ್ವದ ನೆರೆಯವರಾದ ರಷ್ಯನ್ನರ ತಲೆಯಿಂದ ಯೋಚಿಸಿ ಆ ಕಾವಲನ್ನು ಮುರಿಯಬೇಕು. ಕೆಂಪು ತಂಡದ ನಾಯಕಿ ತನ್ನ ನಡೆಯನ್ನು ಎಲ್ಲಿಯೂ ಬರೆಯುವಂತಿಲ್ಲ. ಪಕ್ಕದ ಕೋಣೆಗೆ ಹೋಗಿ ತೀರ್ಪುಗಾರರ ಕಿವಿಯಲ್ಲಿ ಹೇಳಬೇಕು. ಗಡಿಯಲ್ಲಿ ಕಣ್ಣಿಗೆ ಕಾಣುವಷ್ಟನ್ನು ಮಾತ್ರ ಅವರು ನೀಲಿ ತಂಡಕ್ಕೆ ತಿಳಿಸುತ್ತಾರೆ. ಉಳಿದದ್ದು ಆಟ ಮುಗಿದ ಮೇಲೆ.

ತೀರ್ಪುಗಾರರು ಸೆಪ್ಪ. ಸೈನ್ಯ ಬಿಟ್ಟು ಹತ್ತು ವರ್ಷವಾದರೂ ಎಲ್ಲರೂ ಕರ್ನಲ್ ಎಂದೇ ಕರೆಯುತ್ತಿದ್ದರು. ಕೆಂಪು ತಂಡವನ್ನು ಅಗ್ನಿಯಾಗೆ ಕೊಟ್ಟವರೂ ಅವರೇ.

"ಇನ್ಯಾರಿಗೆ ಕೊಡ್ತಾರೆ ಹೇಳು," ಎಂದು ನೀಲಿ ತಂಡದ ನಾಯಕ ತೌನೊ ಕೀಟಲೆ ಮಾಡಿದ್ದ. "ನೀನು ಕನಸು ಕಾಣೋದೂ ರಷ್ಯನ್‌ನಲ್ಲಿ ತಾನೇ?"

"ನಿನ್ನ ಕನಸಿಗಂತೂ ಭಾಷೆಯೇ ಬೇಡ. ಬರೀ ಗೊರಕೆ," ಎಂದಿದ್ದಳು. ನಕ್ಕಿದ್ದಳು ಕೂಡ. ಒಳಗೆ ಚುಚ್ಚಿದ್ದು ಬೇರೆ ಮಾತು.

ಆಟ ನೋಡಲು ರಾಜಧಾನಿಯ ರಕ್ಷಣಾ ಇಲಾಖೆಯಿಂದ ಕಡ್ರಿ ಲೇಪಿಕ್ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ತರಗತಿಯ ಒಬ್ಬರನ್ನು ಕೆಲಸಕ್ಕೆ ಆರಿಸಿಕೊಂಡು ಹೋಗುವುದು ಅವರ ವಾಡಿಕೆ. ಅಗ್ನಿಯಾಗೆ ಆ ಕೆಲಸ ಬೇಕಿತ್ತು. ಪೇಯ್ಪ್ಸಿ ಸರೋವರದ ದಂಡೆಯ ಹಳೆ ನಂಬಿಕೆಯವರ, ಅಂದರೆ ಹಳೆಯ ವಿಧಿ ಬಿಡದೆ ರಷ್ಯಾದಿಂದ ಓಡಿಬಂದ ಕ್ರೈಸ್ತರ, ಊರುಗಳಿಂದ ರಾಜಧಾನಿಗೆ ಈರುಳ್ಳಿ ಬಂದಿದೆ, ಹೊಗೆ ಹಾಕಿದ ಮೀನು ಬಂದಿದೆ; ಅವಳಂಥ ಅಲ್ಲಿಯ ಒಬ್ಬ ಹುಡುಗಿಯೂ ಆ ಇಲಾಖೆಯ ಮೇಜಿನ ಮುಂದೆ ಕೂತದ್ದಿಲ್ಲ.

ದಾರಿಯೂ ಆ ಸರೋವರದ ಮೇಲೆಯೇ ಇತ್ತು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಊರಿನ ಗಂಡಸರು ಟ್ರ್ಯಾಕ್ಟರ್ ಗಾಲಿ ಕಟ್ಟಿದ ತಮ್ಮ ಕೈಗೆಲಸದ ಗಾಡಿಗಳಲ್ಲಿ ಸರೋವರದ ನಡುವಿನ ಗಡಿಗೆರೆಯ ಹತ್ತಿರದವರೆಗೂ ಮೀನಿಗೆ ಹೋಗುತ್ತಾರೆ. ಕಾವಳ ಕವಿದ ಬೆಳಿಗ್ಗೆ ಅದೇ ತರಹದ ನಾಲ್ಕು ಗಾಡಿಗಳು ಆಚೆಯಿಂದ ಬಂದು ಇವುಗಳ ನಡುವೆ ಸೇರಿಬಿಟ್ಟರೆ? ಅಪ್ಪನ ಗಾಡಿ ಯಾವುದು, ಶತ್ರುವಿನದು ಯಾವುದು ಎಂದು ಯಾವ ಕ್ಯಾಮೆರಾಗೂ ತಿಳಿಯುವುದಿಲ್ಲ. ಅದನ್ನು ಹೇಳಿದರೆ ಆಟ ಅವಳದು, ಕೆಲಸವೂ ಬಹುಶಃ ಅವಳದು. ಆದರೆ ಕಡ್ರಿಯವರ ಎದುರು ಆಡಿದ ಮಾತು ಆಟದಲ್ಲೇ ಉಳಿಯುವುದಿಲ್ಲ. ಮುಂದಿನ ಚಳಿಗಾಲದೊಳಗೆ ಅದು ನಿಯಮವಾಗುತ್ತದೆ. ಆಮೇಲೆ ಮಂಜುಗಡ್ಡೆಯ ಮೇಲೆ ಕಂಡವರೆಲ್ಲ ಅನುಮಾನದ ಜನ.

ಕಾಫಿಯ ಬಿಡುವಿನಲ್ಲಿ ಅಂಗಳಕ್ಕೆ ಬಂದು ಅಪ್ಪನಿಗೆ ಫೋನ್ ಮಾಡಿದಳು. ಯೆರ್ಮಿಲ್ ಮೀನುಗಾರ, ಊರಿನ ಪ್ರಾರ್ಥನಾ ಮಂದಿರದಲ್ಲಿ ಸ್ತೋತ್ರ ಓದುವವನೂ ಅವನೇ. ಅವನು ಫೋನಿನಲ್ಲಿ ಮಾತಾಡಿದರೂ ಓದಿದಂತೆಯೇ ಇರುತ್ತಿತ್ತು, ಉಸಿರು ನಿಲ್ಲಬೇಕಾದಲ್ಲಿ ನಿಂತು.

"ಅಪ್ಪಾ, ಅಲ್ಲಿ ಕಾವಳ ಇದೆಯಾ?"

"ಕಾವಳ ಕೇಳೋಕೆ ಫೋನ್ ಮಾಡಿದ್ಯಾ? ಓದಿದೋಳು ನೀನು, ಕಿಟಕಿ ತೆಗೆದು ನೋಡು."

"ಕಾವಳದಲ್ಲಿ ನಿಮ್ಮ ಗಾಡಿ ಯಾವ್ದು, ಪರರದ್ದು ಯಾವ್ದು ಅಂತ ಗಡಿ ಕಾವಲಿನವರಿಗೆ ಗೊತ್ತಾಗುತ್ತಾ?"

"ಮುಂಚೆ ಇದ್ದ ಮಾರ್ಗುಸ್‌ಗೆ ಗೊತ್ತಾಗ್ತಿತ್ತು. ಕೆಮ್ಮು ಕೇಳಿ ಹೆಸರು ಹೇಳ್ತಿದ್ದ. ಈಗಿನ ಹುಡುಗರು ಬೆಚ್ಚಗೆ ಪರದೆ ನೋಡ್ತಾ ಕೂತಿರ್ತಾರೆ. ಯಾಕಮ್ಮಾ?"

"ಇಲ್ಲಿ ಒಂದು ಆಟ."

"ಆಟದಲ್ಲಿ ನಾವೇನು? ಮೀನಾ, ಬಲೆಯಾ?"

ಅವಳಿಗೆ ನಗು ಬರಲಿಲ್ಲ. ಎಲ್ಲವನ್ನೂ ಹೇಳಿದಳು.

"ಮುನ್ನೂರು ವರ್ಷದಿಂದ ನಮ್ಮನ್ನ ಯಾರಾದರೂ ಅನುಮಾನಿಸ್ತಾನೇ ಬಂದಿದ್ದಾರೆ," ಎಂದ ಯೆರ್ಮಿಲ್. "ಆಚೆಯವರು ಧರ್ಮ ಬಿಟ್ಟೋರು ಅಂದ್ರು. ಈಚೆಯವರು ನಮ್ಮನ್ನ ಆಚೆಯವರು ಅಂತಾರೆ. ಅದಕ್ಕೆ ನೀನೂ ಒಂದು ಕೈ ಸೇರಿಸಬೇಡ. ಹಾಗಂತ ಕೇಳಿದಾಗ ಸುಳ್ಳೂ ಹೇಳಬೇಡ. ನಡುವೆ ದಾರಿ ಇದ್ರೆ ನೀನೇ ಹುಡುಕ್ಕೋ. ನನಗೆ ಬೆರಳು ಮರಗಟ್ತಾ ಇದೆ, ಇಡ್ತೀನಿ."

ಅವಳು ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಒಳಗೆ ಹೋಗಿ ಮತ್ತೆ ಹೊರಗೆ ಬಂದಳು. ಕೊನೆಗೆ ಪಕ್ಕದ ಕೋಣೆಗೆ ಹೋಗಿ ಕರ್ನಲ್ ಕಿವಿಯ ಹತ್ತಿರ ಬಾಗಿ ಒಂದೇ ಮಾತು ಹೇಳಿದಳು. ಅವರು ತಲೆಯೆತ್ತಿ ನೋಡಿದರು.

"ಅಷ್ಟೇನಾ?"

"ಅಷ್ಟೇ, ಕರ್ನಲ್."

ಹೊರಗೆ ಬಂದು ಕರ್ನಲ್ ನೀಲಿ ತಂಡಕ್ಕೆ ತಿಳಿಸಿದರು: ಬೆಳಗಿನ ಹೊತ್ತು, ಪೇಯ್ಪ್ಸಿಯ ಮೇಲೆ ದಟ್ಟ ಕಾವಳ, ಗಡಿಗೆರೆಯ ಬಳಿ ದೊಡ್ಡ ಗಾಲಿಯ ಗಾಡಿಗಳು ಓಡಾಡುತ್ತಿವೆ, ಗಾಡಿಗಳಲ್ಲಿ ರಷ್ಯನ್ ಮಾತು ಕೇಳುತ್ತಿದೆ.

ತೌನೊನ ಕಣ್ಣು ಹೊಳೆಯಿತು. ಎರಡು ವರ್ಷ ಓದಿದ್ದೆಲ್ಲ ಇದೇ: ಗುರುತಿಲ್ಲದ ಗಂಡಸರು, ಗುರುತಿಲ್ಲದ ವಾಹನ, ಸದ್ದಿಲ್ಲದ ದಾಳಿ. ನೀಲಿ ತಂಡ ತಲೆಗೆ ತಲೆ ಕೂಡಿಸಿ ಪಿಸುಗುಟ್ಟಿತು. ಆಟದ ನಕ್ಷೆಯ ಮೇಲೆ ಗಾಡಿಗಳನ್ನು ಹಿಡಿಯಲು ಸೈನ್ಯ ಹೋಯಿತು. ಸರೋವರಕ್ಕೆ ಇಳಿಯುವ ದಾರಿಗಳು ಮುಚ್ಚಿದವು. ದಂಡೆಯ ಊರುಗಳಲ್ಲಿ ಮನೆ ಮನೆ ಹುಡುಕಲು ಆಜ್ಞೆಯಾಯಿತು. ಓಡಿದ ಒಂದು ಗಾಡಿಯ ಮೇಲೆ ಗುಂಡು ಹಾರಿತು. ಇಬ್ಬರು ಸತ್ತರು ಎಂದು ಕರ್ನಲ್ ದಾಳ ಉರುಳಿಸಿ ಹೇಳಿದರು.

"ನಿಲ್ಲಿಸಿಬಿಟ್ವಿ," ಎಂದ ತೌನೊ, ಕುರ್ಚಿಗೆ ಒರಗಿ. "ಕೆಂಪಿನವರು ಬಾಯಿಬಿಡಬಹುದು."

ಅಗ್ನಿಯಾ ಎದ್ದು ನಿಂತಳು. "ನಾನು ಯಾರನ್ನೂ ಕಳಿಸಿಲ್ಲ. ಅವರು ಎಂದಿನಂತೆ ಮೀನಿಗೆ ಹೋದ ದಂಡೆಯ ಊರವರು."

ತೌನೊ ಕರ್ನಲ್ ಮುಖ ನೋಡಿದ. ಅವರು ತಲೆಯಾಡಿಸಿದರು.

"ಇದು ಮೋಸ," ಎಂದ ಅವನು. "ಏನೂ ಮಾಡದೇ ಇರೋದು ಒಂದು ನಡೆಯಾ?"

"ನಾಳೆ ಆ ಊರಿನವರು ನಿನ್ನ ಮಾತು ಕೇಳ್ತಾರಾ, ಆಚೆಯವರದ್ದಾ? ನಾನು ಬೆರಳು ಎತ್ತಿಲ್ಲ. ಗಡಿ ಒಡೆದವನು ನೀನು."

ಗೆದ್ದ ಸುಖ ಅವಳಿಗೆ ಬರಲೇ ಇಲ್ಲ. ಕಂಡ ಸತ್ಯದಲ್ಲಿ ಅರ್ಧವನ್ನಷ್ಟೇ ಎದುರಿಗಿಟ್ಟಿದ್ದಳು. ಉಳಿದರ್ಧ, ಆ ನಾಲ್ಕು ಗಾಡಿಗಳ ದಾರಿ, ಇನ್ನೂ ಹೇಳದೆ ಉಳಿದಿತ್ತು.

ಮೆಟ್ಟಿಲ ಬಳಿ ಕಡ್ರಿ ಕೋಟು ತೊಡುತ್ತಾ ಅವಳನ್ನು ತಡೆದರು.

"ಚೆನ್ನಾಗಿ ಆಡಿದೆ. ಒಂದು ಕೇಳ್ತೀನಿ, ನಿಜ ಹೇಳು. ಆಚೆಯಿಂದ ಜನರನ್ನ ಕಳಿಸೋದಿದ್ರೆ ಕಳಿಸಬಹುದಿತ್ತಾ?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಅಗ್ನಿಯಾ ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕಳಿಸಬಹುದಿತ್ತು. ನಾಲ್ಕೇ ಗಾಡಿ ಸಾಕಿತ್ತು."

"ಹೇಗೆ ಅಂತ ಬರೆದು ಕೊಡ್ತೀಯಾ?"

"ಕೊಡ್ತೀನಿ. ಆದರೆ ಮೊದಲು ನಿಮ್ಮವರು ಆ ಮೀನುಗಾರರ ಜೊತೆ ಹೋಗಿ ಕೂತ್ಕೋಬೇಕು, ಚಹಾ ಕುಡಿದು ಮಾತಾಡಬೇಕು. ದನಿ ಗುರುತು ಇರೋ ಕಾವಲಿನವರನ್ನ ವಾಪಸ್ ಹಾಕಬೇಕು. ಅದಿಲ್ಲದೆ ಬರೀ ತೂತು ಎಲ್ಲಿದೆ ಅಂತ ತೋರಿಸಿದ್ರೆ ನೀವೂ ತೌನೊ ಮಾಡಿದ್ದೇ ಮಾಡ್ತೀರಿ."

"ಇಲಾಖೆಗೆ ಷರತ್ತು ಹಾಕೋರನ್ನ ಇಲಾಖೆ ಸೇರಿಸ್ಕೊಳ್ಳಲ್ಲಮ್ಮಾ."

"ಗೊತ್ತು."

ಕಡ್ರಿ ಕೋಟಿನ ಕೊನೆಯ ಗುಂಡಿ ಹಾಕಿಕೊಂಡರು. "ಹೇಳಿ ನೋಡ್ತೀನಿ," ಎಂದು ಇಳಿದು ಹೋದರು. ಅದು ಹೌದೂ ಆಗಿರಲಿಲ್ಲ, ಅಲ್ಲವೂ ಆಗಿರಲಿಲ್ಲ.

ಅಗ್ನಿಯಾ ಮೆಟ್ಟಿಲ ಮೇಲೇ ನಿಂತು ಮತ್ತೆ ಅಪ್ಪನಿಗೆ ಫೋನ್ ಮಾಡಿದಳು.

"ಹೇಳಿಬಿಟ್ಟೆ, ಅಪ್ಪಾ."

"ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲೇ."

ಯೆರ್ಮಿಲ್ ಹೇಳಿದ, "ಹಾಗಾದ್ರೆ ಭಾನುವಾರ ಬಾ. ಪ್ರಾರ್ಥನೆ ಮುಗಿದ ಮೇಲೆ ಊರವರ ಮುಂದೆ ನೀನೇ ನಿಂತು ಹೇಳು. ಇನ್ಯಾರದೋ ಬಾಯಿಂದ ಅವರಿಗೆ ಗೊತ್ತಾಗಬಾರದು."

"ಬೈದ್ರೆ?"

"ಬೈತಾರೆ. ನಾನೂ ಅಲ್ಲೇ ಇರ್ತೀನಿ."

"ನನ್ನ ಕಡೆಗಾ, ಅವರ ಕಡೆಗಾ?"

"ಅದನ್ನ ನಾನೂ ಭಾನುವಾರದೊಳಗೆ ನೋಡ್ಕೋಬೇಕು, ಮಗಳೇ," ಎಂದ ಅಪ್ಪ.